ಮೂಸಿಯ ಗೋಡೆಗೆ ನಾನು ಮಾಡಿದ ತರ್ಜುಮೆ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಪಂಪು ಕೆಟ್ಟಿತು. ರಿಪೇರಿಗೆ ಬಂದ ಮೇಸ್ತ್ರಿ ಅದನ್ನು ಬಿಚ್ಚಿ ಒಳಗೆ ಇಣುಕಿದವನೇ, ಈ ಪಂಪನ್ನು ಇಷ್ಟು ವರ್ಷ ಓಡಿಸಿದವರ ತಲೆಯನ್ನು ಮೊದಲು ಬಿಚ್ಚಿ ನೋಡಬೇಕು ಎಂದು ತೆಲುಗಿನಲ್ಲಿ ಗೊಣಗಿದ. ಪಕ್ಕದಲ್ಲಿ ನಿಂತಿದ್ದ ನಮ್ಮ ಸಂಘದ ಕಾರ್ಯದರ್ಶಿ ಮೈಸೂರಿನವರು, ಸಾಫ್ಟ್‌ವೇರಿನವರು, ತೆಲುಗು ಬಾರದವರು. "ಏನಂತೆ ಆಂಟಿ?" ಎಂದರು. "ಪಂಪಿಗೆ ವಯಸ್ಸಾಗಿದೆಯಂತೆ, ಸ್ವಲ್ಪ ಹೊತ್ತು ಹಿಡಿಯುತ್ತದಂತೆ" ಎಂದೆ. "ಹೋದ ಸಲವೂ ಇವನು ಹೀಗೇ ಹೇಳಿ ಕೈಕೊಟ್ಟ. ಮಹಾ ಸೋಮಾರಿ" ಎಂದರು ಕಾರ್ಯದರ್ಶಿ. ನಾನು ಮೇಸ್ತ್ರಿಯ ಕಡೆ ತಿರುಗಿ, ನಿಮ್ಮ ಕೆಲಸದ ಮೇಲೆ ಸಾರ್‌ಗೆ ತುಂಬಾ ನಂಬಿಕೆಯಂತೆ ಎಂದೆ. ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ನನ್ನ ಮಗಳು, ಎರಡೂ ಭಾಷೆ ಬಲ್ಲವಳು, ಮನೆಗೆ ಬಂದ ಮೇಲೆ ಕೇಳಿದಳು: "ಅಮ್ಮಾ, ನೀನು ತರ್ಜುಮೆ ಮಾಡ್ತೀಯೋ, ಪಾನಕ ಮಾಡ್ತೀಯೋ?"

ಇಬ್ಬರೂ ನಕ್ಕೆವು. ಆದರೆ ಆಮೇಲೆ ಪಲ್ಯಕ್ಕೆ ಈರುಳ್ಳಿ ಹೆಚ್ಚುತ್ತ ಕೂತಾಗ ಯಮನಪ್ಪ ಕಾಕಾ ನೆನಪಾದರು. ಕಣ್ಣಲ್ಲಿ ನೀರು ಬಂತು. ಮಗಳು ನೋಡಿದಳು, ನಾನು ಅದನ್ನು ಈರುಳ್ಳಿಯ ಮೇಲೆ ಹಾಕಿದೆ.

ಈ ಚಟ ನನಗೆ ಆರನೆಯ ವಯಸ್ಸಿಗೇ ಅಂಟಿದ್ದು. ನಮ್ಮ ಅಜ್ಜ ಗುಳೇದಗುಡ್ಡದ ಖಣ, ಇಳಕಲ್ ಸೀರೆ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಬಂದು, ಹಳೆಯ ಊರಿನ ಒಂದು ಗಲ್ಲಿಯಲ್ಲಿ ಅಂಗಡಿ ಇಟ್ಟು ಇಲ್ಲಿಯವರೇ ಆಗಿಹೋದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಉರ್ದು, ಶಾಲೆಯಲ್ಲಿ ತೆಲುಗು. ನಮಗೆಲ್ಲ ಇದು ಮನೆಯೊಳಗೊಂದು, ಹೊರಗೊಂದು ಚಪ್ಪಲಿ ಮೆಟ್ಟಿದಷ್ಟೇ ಸಹಜವಾಗಿತ್ತು. ಅಜ್ಜಿಗೆ ಮಾತ್ರ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ಕೊನೆಯವರೆಗೂ ಕನ್ನಡ ಬಿಟ್ಟು ಇನ್ನೊಂದು ಮಾತು ನಾಲಿಗೆಗೆ ಹತ್ತಲಿಲ್ಲ. ನಲವತ್ತು ವರ್ಷ ಈ ಊರಿನಲ್ಲಿದ್ದೂ ಕಲಿಯಲಿಲ್ಲವಲ್ಲ ಎಂದರೆ, "ಊರು ನನ್ನ ಮಾತು ಕಲತೈತೇನು?" ಎನ್ನುತ್ತಿದ್ದಳು.

ಅವಳ ಬೆಳಗಿನ ಯುದ್ಧ ಕಾಯಿಪಲ್ಲೆ ಮಾರುವ ಮಸ್ತಾನಬೀಯೊಂದಿಗೆ. ಬುಟ್ಟಿ ಕೆಳಗಿಳಿಯುತ್ತಿದ್ದಂತೆ ಆಯಿ ಒಂದು ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತುವಳು. "ಬದನೀಕಾಯೇನಿದು, ಸತ್ತ ಇಲಿನೋ? ಕೇಳಾಕಿನ್ನ" ಎಂದು ನನಗೆ ಅಪ್ಪಣೆ. ನಾನು ಉರ್ದುವಿನಲ್ಲಿ, ಆಯಿಗೆ ಇನ್ನೂ ಎಳೆಯದು ಬೇಕಂತೆ ಎನ್ನುತ್ತಿದ್ದೆ. ಮಸ್ತಾನಬೀ ಆಯಿಯ ಮೋರೆ ನೋಡಿಯೇ ಅಸಲು ವಿಷಯ ಊಹಿಸಿ, ಈ ಮುದುಕಿಯ ನಾಲಿಗೆಗೆ ಕೆಂಡ ಹಾಕ ಎಂದು ಶುರು ಮಾಡುವಳು. ನಾನು ಆಯಿಗೆ, "ನಾಳೆ ಎಳೇದು ತರ್ತಾಳಂತ" ಎನ್ನುತ್ತಿದ್ದೆ. ಮರುದಿನ ಮಸ್ತಾನಬೀಗೆ, ನಿನ್ನೆಯ ಪಲ್ಯ ಬಹಳ ರುಚಿಯಾಗಿತ್ತಂತೆ ಎಂದು ನನ್ನ ಕಡೆಯಿಂದ ಒಂದು ಕೊಸರು. ಹೀಗೆ ಒಬ್ಬರ ಬೈಗುಳ ಇನ್ನೊಬ್ಬರನ್ನು ತಲುಪದೆಯೇ ಅವರಿಬ್ಬರಿಗೂ ಗೆಳೆತನ ಬೆಳೆಯಿತು. ಆಯಿ ಹಾಸಿಗೆ ಹಿಡಿದಾಗ ಮಸ್ತಾನಬೀ ಬುಟ್ಟಿ ಬಾಗಿಲಲ್ಲಿಟ್ಟು ಒಳಗೆ ಬಂದು, ಅವಳ ಕಾಲು ಒತ್ತುತ್ತ ಕೂತಿರುತ್ತಿದ್ದಳು. ಆಗ ಅವರಿಗೆ ನನ್ನ ಅಗತ್ಯವೇ ಬೀಳಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ.

ಮನೆಯಲ್ಲಿ ನನಗೆ ದೊಡ್ಡ ಹೆಸರು ಬಂತು. ಅಂಗಡಿಯಲ್ಲಿ ಗಿರಾಕಿ ಜಗಳ ತೆಗೆದರೆ ಅಪ್ಪ, "ಮಂಗಲಾನ್ನ ಕರೀರಿ" ಎನ್ನುತ್ತಿದ್ದರು. ಬೀಗರ ಮನೆಯಲ್ಲಿ ಮುನಿಸಾದರೆ ನಾನೇ. ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವಾಗ ಅದರ ಮುಳ್ಳು ಕಿತ್ತು ಕೊಡುವುದು ಒಂದು ಪುಣ್ಯದ ಕೆಲಸ ಎಂದೇ ನಾನು ತಿಳಿದಿದ್ದೆ. ಹಾಗಲ್ಲ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಆ ಮಾತಿನ ಮುಳ್ಳನ್ನೂ ಕಿತ್ತು ಕೇಳಿಸಿಕೊಳ್ಳುತ್ತಿದ್ದೆನೇನೋ.

ನಾನು ಡಿಗ್ರಿ ಮುಗಿಸುವ ಹೊತ್ತಿಗೆ ಈ ಊರಿಗೆ ಕಂಪ್ಯೂಟರ್ ಜ್ವರ ಏರಿತ್ತು. ಅಮೀರ್‌ಪೇಟೆಯಲ್ಲಿ ಗೋಡೆಗಳ ಮೇಲೆ ಸುಣ್ಣಕ್ಕಿಂತ ಕೋರ್ಸಿನ ಪೋಸ್ಟರುಗಳೇ ದಪ್ಪಗಿದ್ದವು. ನಾನೂ ಒಂದು ಹಾಸ್ಟೆಲಿನ ಕೆಳಗಿನ ಕೋಣೆಯಲ್ಲಿ, ಒಂದು ಕಂಪ್ಯೂಟರಿಗೆ ಮೂವರಂತೆ ಕೂತು ಮೂರು ತಿಂಗಳು ಕಲಿತೆ. ಮೂವರಲ್ಲಿ ಕೀಲಿಮಣೆ ಯಾವಾಗಲೂ ಪಕ್ಕದವಳ ಮುಂದೆ; ನಾನು ಹಿಂದಿನಿಂದ ಸಲಹೆ ಕೊಡುತ್ತಿದ್ದೆ. ಕೊನೆಗೆ ಅವಳು ಅಮೆರಿಕಕ್ಕೆ ಹೋದಳು, ನಾನು ಬಾಲಾನಗರದ ಬಸ್ಸು ಹತ್ತಿದೆ. ಅಲ್ಲಿ ಒಂದು ಸಣ್ಣ ಕಂಟ್ರಾಕ್ಟು ಕಂಪನಿಯಲ್ಲಿ ದಿನದ ವರದಿ ಟೈಪು ಮಾಡುವ ಕೆಲಸ. ನನಗೆ ಆ ಕೆಲಸ ಸಿಕ್ಕಿದ್ದು ಕಂಪ್ಯೂಟರಿನಿಂದಲ್ಲ, ಕನ್ನಡದಿಂದ.

ಮೂಸಿ ನದಿಯ ದಂಡೆಯಲ್ಲಿ ಒಂದು ಹಳೆಯ ಸರಾಯಿ ಇತ್ತು. ಹಿಂದೆ ದೂರದಿಂದ ಬಂದ ವ್ಯಾಪಾರಿಗಳು ಎತ್ತು, ಒಂಟೆ ಕಟ್ಟಿ ಇಳಿದುಕೊಳ್ಳುತ್ತಿದ್ದ ಛತ್ರ. ಅಂಗಳದ ಸುತ್ತ ಕಮಾನಿನ ಕೋಣೆಗಳು, ನದಿಯ ಕಡೆಗೆ ಎರಡಾಳೆತ್ತರದ ಕಲ್ಲಿನ ತಡೆಗೋಡೆ. ಆ ಗೋಡೆ ನಿಂತದ್ದರಿಂದಲೇ ಎಷ್ಟೋ ನೆರೆ ಬಂದು ಹೋದರೂ ಸರಾಯಿ ಉಳಿದಿತ್ತು. ಈಗ ಗೋಡೆಗೇ ಮುಪ್ಪು ಬಂದು ಅಲ್ಲಲ್ಲಿ ಕಲ್ಲು ಕಳಚಿತ್ತು. ಅದನ್ನು ಹಳೆಯ ಪದ್ಧತಿಯಲ್ಲೇ, ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡುವ ಕೆಲಸ ನಮ್ಮ ಕಂಪನಿಗೆ ಬಂತು. ಅಂಥ ಕೆಲಸ ಬಲ್ಲವರು ಊರಿನಲ್ಲಿ ಸಿಗದೆ, ಬಾದಾಮಿಯ ಕಡೆಯಿಂದ ಹನ್ನೆರಡು ಜನ ಕಲ್ಲುಕೆಲಸದವರನ್ನು ಕರೆಸಿದರು. ಅವರ ಹಿರಿಯ ಯಮನಪ್ಪ. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಮ್ಮ ಇಂಜಿನಿಯರು ರಾವ್ ಸಾಹೇಬರಿಗೆ ತೆಲುಗು, ಇಂಗ್ಲಿಷ್ ಬಿಟ್ಟು ಬೇರೆ ಬಾರದು. ನಡುವೆ ನಾನು.

ಮೂಸಿಯ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಈ ಊರಿನಲ್ಲಿದ್ದವರಿಗೆ ಗೊತ್ತಿದೆ, ಇಲ್ಲದವರು ನಂಬುವುದಿಲ್ಲ. ಮೊದಲ ದಿನ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹೋದೆ. "ಯಾವೂರವ್ವಾ ನಿಮ್ದು?" ಎಂದು ಯಮನಪ್ಪ ಕೇಳಿದರು. ಹೈದರಾಬಾದ್ ಎಂದೆ. "ಅದಲ್ಲ, ಖರೇ ಊರು." ಗುಳೇದಗುಡ್ಡ ಎಂದೆ, ನಾನು ಅಲ್ಲಿಗೆ ಹೋದದ್ದು ಎರಡೇ ಸಲವಾದರೂ. ಅವರ ಮುಖ ಅರಳಿತು. "ನಮ್ಮ ಹುಡುಗಿ ಅದಾಳೋ ಇಲ್ಲಿ!" ಎಂದು ಹನ್ನೆರಡು ಜನಕ್ಕೂ ಕೂಗಿ ಹೇಳಿದರು. ಅಂದಿನಿಂದ ಅವರು ನನಗೆ ಕಾಕಾ. ಮಧ್ಯಾಹ್ನ ಅವರು ತಟ್ಟಿದ ರೊಟ್ಟಿಯಲ್ಲಿ ನನಗೊಂದು ಪಾಲು. ಮನೆಯಿಂದ ತಂದ ಡಬ್ಬಿಯನ್ನು ನಾನು ಸಂಜೆ ಬಸ್ಸಿನಲ್ಲಿ ಗುಟ್ಟಾಗಿ ಖಾಲಿ ಮಾಡುತ್ತಿದ್ದೆ.

ಕಾಕಾ ಮೊದಲ ಮೂರು ದಿನ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಗೋಡೆಯ ಹಿಂದೆ, ಮೇಲಿನ ಅಂಗಳದ ಮಣ್ಣಿಗೆ ಕೊಡಗಟ್ಟಲೆ ನೀರು ಹುಯ್ಯಿಸಿದರು. ತಾವು ಕೆಳಗೆ ನದಿಯ ಕೆಸರಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದರು. ಬೆಳಗ್ಗೆ ಹುಯ್ದ ನೀರು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಬಸಿದು ಹೊರಬರುತ್ತದೆ ಎಂಬುದೇ ಅವರ ತಪಾಸಣೆ. ನೀರು ಬಂದ ಕಡೆಗೆಲ್ಲ ಇದ್ದಿಲಿನಿಂದ ಗುರುತು. ಬರಬೇಕಾದಲ್ಲಿ ಬಾರದಿದ್ದರೆ ಹತ್ತಿರ ಹೋಗಿ ಕಲ್ಲಿಗೆ ಕಿವಿಯಿಟ್ಟು, ಗೂಟದಿಂದ ತಟ್ಟಿ ನೋಡುವರು. ಆ ದಿನಗಳ ನನ್ನ ವರದಿ ಮೂರು ದಿನವೂ ಒಂದೇ: ನೀರು ಹಾಕಿ ನೋಡಲಾಯಿತು. ರಾವ್ ಸಾಹೇಬರು ಅದನ್ನು ಓದಿ, "ಅಮ್ಮಾ, ನಾವು ಗೋಡೆ ಕಟ್ಟುತ್ತಿದ್ದೇವೋ, ತೋಟ ಮಾಡುತ್ತಿದ್ದೇವೋ?" ಎಂದರು. ಕಾಕಾಗೆ ನಾನು, ಸಾಹೇಬರಿಗೆ ನಿಮ್ಮ ಕೆಲಸ ನೋಡಿ ಬಹಳ ಖುಷಿಯಾಗಿದೆ ಎಂದೆ.

ಗೋಡೆಯ ಮುಖದಲ್ಲಿ ಅಲ್ಲಲ್ಲಿ ಅಂಗೈಯಗಲದ ತೂತುಗಳಿದ್ದವು. ಹಳಬರು ಬೇಕೆಂದೇ ಬಿಟ್ಟದ್ದು. ಹಿಂದಿನ ಮಣ್ಣು ಕುಡಿದ ನೀರೆಲ್ಲ ಅವುಗಳಿಂದ ಬಸಿದು ಹೊರಗೆ ಬೀಳಬೇಕು. ಎಷ್ಟೋ ತೂತು ಕಸ ತುಂಬಿ ಮುಚ್ಚಿಹೋಗಿದ್ದವು. ಕಾಕಾ ಅವುಗಳನ್ನು ಒಂದೊಂದಾಗಿ ಸಲಾಕೆ ಹಾಕಿ ಬಿಡಿಸಿದರು. ಒಳಗಿನಿಂದ ಕಪ್ಪು ನೀರು ಬುಳಕ್ಕನೆ ಬಂದಾಗ ಹನ್ನೆರಡು ಜನವೂ ಹೋ ಎಂದು ಕೂಗುತ್ತಿದ್ದರು. "ಇವು ಗ್ವಾಡಿ ಮೂಗು ಯವ್ವಾ. ಮುಚ್ಚಿದ್ರ ಒಳಗಿನ ನೀರು ಎಲ್ಲಿ ಹೋಗಬೇಕು? ಹೊಟ್ಟಿ ಉಬ್ಬತೈತಿ, ಆಮ್ಯಾಲ ಬೀಳತೈತಿ" ಎಂದು ನನಗೆ ತೋರಿಸಿ ಹೇಳಿದರು. ಸುಣ್ಣವನ್ನು ಗುಂಡಿಯಲ್ಲಿ ಕಳಿಯಲು ಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಸಿದ್ಧ ಮಾಡಿ, ಗಾರೆ ಅರೆಯಲು ಕಲ್ಲಿನ ಗಾಣ ಹೂಡಿದರು. ಗಾರೆಯನ್ನು ಒಂದು ಕರಣಿಯ ಮೇಲಿಟ್ಟು ಬೋರಲು ಹಿಡಿದು, ಬೀಳುತ್ತದೋ ಅಂಟಿ ನಿಲ್ಲುತ್ತದೋ ನೋಡುವುದು ಅವರ ಪರೀಕ್ಷೆ. ಬಿದ್ದರೆ ಇನ್ನೂ ಹಸಿ ಎಂದು ಮತ್ತೆ ಗುಂಡಿಗೆ.

ಒಮ್ಮೆ ಸರಾಯಿಯ ನದಿಯ ಕಡೆಯ ಸಾಲಿನ ನಡುವೆ, ಎರಡು ಕಮಾನುಗಳ ಕೆಳಗೆ ನಿಲ್ಲಿಸಿ ಒಂದು ಕಲ್ಲು ತೋರಿಸಿದರು. ಅದರ ಮೇಲೆ ಬೆರಳುದ್ದದ ಮೀನಿನ ಗುರುತು. ಯಾವ ಕಾಲದ ಕಲ್ಲುಕುಟಿಗನೋ ತನ್ನ ಗುರುತು ಬಿಟ್ಟು ಹೋಗಿದ್ದ. "ಇಂವ ಯಾರಂತ ನಮಗ ಗೊತ್ತಿಲ್ಲ. ಆದ್ರ ಕೆಲಸಗಾರ ಭಾಳ ಚಲೋ ಇದ್ದ" ಎಂದು ಕಾಕಾ ಆ ಮೀನಿನ ಮೇಲೆ ಬೆರಳಾಡಿಸಿದರು. ಈ ಗೋಡೆ ಸರಿಯಾಗಿ ಮುಗಿದರೆ ಊರಿನ ಬೇರೆ ಹಳೆಯ ಕಟ್ಟಡಗಳ ಕೆಲಸಕ್ಕೂ ತಮ್ಮ ತಂಡವನ್ನೇ ಕರೆಯುತ್ತಾರೆಂಬುದು ಅವರ ಆಸೆ. ಊರಿನಲ್ಲಿ ಈಗ ಎಲ್ಲರದೂ ಸಿಮೆಂಟಿನ ಮನೆ, ಸುಣ್ಣದ ಕೆಲಸ ಕೇಳುವವರಿಲ್ಲ, ಕೈ ಮರೆತುಹೋಗುತ್ತದೆ ಎಂದು ಹೇಳುತ್ತಿದ್ದರು. "ಯಮನಪ್ಪ ಕಟ್ಟಿದ್ದು ಅಂತ ಒಂದು ಮಾತು ಇಲ್ಲಿ ಉಳದ್ರ ಸಾಕು ನೋಡವ್ವಾ."

ಅಷ್ಟರಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ತನ್ನ ಸಂಭ್ರಮವೊಂದನ್ನು ಆ ಸರಾಯಿಯ ಅಂಗಳದಲ್ಲಿ ಮಾಡುವುದೆಂದು ಗೊತ್ತಾಯಿತು. ಹೊರದೇಶದ ಅತಿಥಿಗಳು, ಗೋಡೆಯುದ್ದಕ್ಕೂ ದೀಪ, ಗಜಲು, ಬಿರಿಯಾನಿ. ಆಗಿನ ಹೈದರಾಬಾದೇ ಹಾಗಿತ್ತು, ಪ್ರತಿಯೊಂದಕ್ಕೂ ಒಂದು ಡೆಡ್‌ಲೈನು. ನಮ್ಮ ಬೀದಿಯ ಇಸ್ತ್ರಿಯವನೂ ಆ ಮಾತು ಕಲಿತಿದ್ದ. ರಾವ್ ಸಾಹೇಬರು ಒಂದು ಬೆಳಗ್ಗೆ ಗೋಡೆಯ ಬುಡಕ್ಕೆ ಬಂದು ನಿಂತರು. ತೂತುಗಳಿಂದ ಕಪ್ಪು ನೀರು ಇಳಿದು ಗೋಡೆಯ ಮುಖವೆಲ್ಲ ಕಲೆ, ವಾಸನೆ ಬೇರೆ.

"ಇದೆಲ್ಲ ಅತಿಥಿಗಳಿಗೆ ತೋರಿಸುವುದೇನಮ್ಮಾ? ತೂತುಗಳನ್ನೆಲ್ಲ ಮುಚ್ಚಿಸು. ಸಂದುಗಳಿಗೆ ಸಿಮೆಂಟು ತುಂಬಿ ಹತ್ತು ದಿನದಲ್ಲಿ ಮುಗಿಸಬೇಕು. ಅವರಿಗೆ ಹೇಳು" ಎಂದರು. ರಾವ್ ಸಾಹೇಬರು ಕೆಟ್ಟವರಲ್ಲ. ಅವಸರದಲ್ಲಿದ್ದರು, ಅಷ್ಟೇ.

ನಾನು ಹೇಳಿದೆ. ಇದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ, ಯಾಕೆಂದರೆ ಇದರಲ್ಲಿ ಬೈಗುಳ ಇರಲಿಲ್ಲ. ಕಾಕಾ ಕರಣಿಯನ್ನು ಕೆಳಗಿಟ್ಟರು. ದನಿ ಏರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಸಾಹೇಬ್ರಿಗೆ ಹೇಳವ್ವಾ. ಮೂಗು ಮುಚ್ಚಿ ಸಿಮೆಂಟು ಬಡದ್ರ ಎರಡು ಮಳಿಗಾಲ ತಡಿಯಂಗಿಲ್ಲ ಇದು. ಗ್ವಾಡಿ ಹೋದ್ರ ಹಿಂದಿನ ಕಮಾನೂ ಹೋಗತಾವು. ನಾ ಇದಕ್ಕ ಕೈ ಹಚ್ಚಂಗಿಲ್ಲ. ಬೇರೇದವರನ್ನ ಕರಸ್ರಿ ಬೇಕಾದ್ರ, ನಾವು ಊರಿಗೆ ಹೊಕ್ಕೀವಿ. ಯಮನಪ್ಪ ಬ್ಯಾಡ ಅಂದಿದ್ದಾ ಅಂತ ನಿನ್ನ ವರದ್ಯಾಗೂ ಬರಿ."

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ಗಟ್ಟಿಯಾದ ಇಲ್ಲವನ್ನು ನಾನು ಜನ್ಮದಲ್ಲಿ ದಾಟಿಸಿರಲಿಲ್ಲ. ಅದು ಬಾಯಿಗೆ ಬರಲೇ ಇಲ್ಲ. ಸಾಹೇಬರು ಸಿಟ್ಟಾಗುತ್ತಾರೆ, ಕಾಕಾ ಗಂಟುಮೂಟೆ ಕಟ್ಟುತ್ತಾರೆ, ಕೆಲಸ ನಿಲ್ಲುತ್ತದೆ, ಇಷ್ಟು ಒಳ್ಳೆಯವರಿಬ್ಬರೂ ಜಗಳವಾಡುತ್ತಾರೆ. ನಾನಿರುವಾಗ ಹಾಗಾಗಬಹುದೇ?

"ಸ್ವಲ್ಪ ಕಷ್ಟ ಅಂತಾರೆ ಸಾರ್. ಆದರೆ ಮಾಡಿಕೊಡ್ತಾರಂತೆ" ಎಂದೆ.

ರಾವ್ ಸಾಹೇಬರಿಗೆ ಹಿಗ್ಗಾಯಿತು. "ಮಂಚಿದಿ, ಮಂಚಿದಿ" ಎಂದು ಕಾಕಾನ ಭುಜ ತಟ್ಟಿದರು. ಆಮೇಲೆ ತೂತಿನ ವಿಷಯ ಬೇಕಾದರೆ ನೋಡೋಣ ಎಂದು ನನಗೆ ಹೇಳಿ ಜೀಪಿನ ಕಡೆ ನಡೆದರು. ಆ ಬೇಕಾದರೆ ನೋಡೋಣ ಎಂಬುದನ್ನು ನಾನು ಕಾಕಾಗೆ ಹೀಗೆ ತಲುಪಿಸಿದೆ: "ಹಬ್ಬ ಮುಗಿದ ಮರುದಿನಾನ ಎಲ್ಲಾ ತೂತು ಬಿಚ್ಚಸ್ತೀನಿ, ಸಿಮೆಂಟು ಕೆತ್ತಿ ಮತ್ತ ಸುಣ್ಣದಾಗ ಮಾಡ್ರಿ ಅಂತ ಸಾಹೇಬ್ರು ಮಾತು ಕೊಟ್ಟಾರ ಕಾಕಾ. ಈಗ ಹತ್ತು ದಿವಸಕ್ಕಷ್ಟ ಅಂತ."

ಕಾಕಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಭುಜ ತಟ್ಟಿ ಹೋದ ಸಾಹೇಬರ ಬೆನ್ನನ್ನೂ ನೋಡಿದರು. "ಹತ್ತು ದಿನಕ್ಕ ಅಂದ್ರ ಅಡ್ಡಿ ಇಲ್ಲ" ಎಂದು ಕರಣಿ ಎತ್ತಿಕೊಂಡರು. ಅವರು ಬ್ಯಾಡ ಅಂದದ್ದು ನನ್ನ ವರದಿಗೂ ಹೋಗಲಿಲ್ಲ. ಅವರ ಕೈಯಲ್ಲಿ ಸಿಮೆಂಟು ಕಲಸಿಸಿದ್ದು ನಾನು.

ಸಂಭ್ರಮ ಚೆನ್ನಾಗಿ ನಡೆಯಿತಂತೆ. ನಮಗ್ಯಾರಿಗೂ ಕರೆಯಿರಲಿಲ್ಲ. ಮರುದಿನ ಕಾಕಾ ಸಲಾಕೆ ಹಿಡಿದು ಬಂದು ನಿಂತರು. ನಾನು ಸಾಹೇಬರನ್ನು ಕೇಳಿದೆ, ಅದೂ ಹೇಗೆ? ತೂತುಗಳನ್ನು ಯಾವಾಗಲಾದರೂ ಒಮ್ಮೆ ಬಿಚ್ಚಿಸಿದರೆ ಒಳ್ಳೆಯದಂತೆ ಸಾರ್ ಎಂದು. "ಎಷ್ಟು ನೀಟಾಗಿದೆ, ಈಗ ಯಾಕಮ್ಮಾ?" ಎಂದರು. ಕಾಕಾಗೆ ನಾನು, ಮುಂದಿನ ವಾರವಂತೆ ಎಂದೆ. ಮುಂದಿನ ವಾರ, ಇನ್ನೊಂದು ವಾರ ಎಂದೆ. ಕೊನೆಗೆ ಬಿತ್ತನೆಯ ಹೊತ್ತಾಯಿತೆಂದು ತಂಡ ಊರಿಗೆ ಹೊರಟಿತು. ಬಸ್ಸು ಹತ್ತುವಾಗ ಕಾಕಾ, "ಮಳಿಗಿಂತ ಮೊದಲ ಬಿಚ್ಚಸಾಕ ಹೇಳವ್ವಾ, ಮರೀಬ್ಯಾಡ" ಎಂದರು. ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೇ.

ಎರಡು ಮಳೆಗಾಲ ಬೇಕಾಗಲಿಲ್ಲ. ಆ ವರ್ಷವೇ ವಾರಪೂರ್ತಿ ಹಿಡಿದ ಮಳೆಗೆ ಗೋಡೆಯ ನಡುಭಾಗ ಉಬ್ಬಿತು. ಒಂದು ಬೆಳಗ್ಗೆ ನೋಡಿದರೆ ಅಷ್ಟು ಭಾಗ ಗೋಡೆ ಕುಸಿದು, ಅದರ ಹಿಂದಿನ ಎರಡು ಕಮಾನೂ ಮೀನಿನ ಗುರುತಿನ ಕಲ್ಲೂ ಮೂಸಿಯ ಪಾಲಾಗಿದ್ದವು. ಅಂಗಳದಲ್ಲಿ ಯಾರೂ ಇರಲಿಲ್ಲವೆಂಬುದೇ ದೊಡ್ಡ ಪುಣ್ಯ. ರಾವ್ ಸಾಹೇಬರು ಕೊಡೆ ಹಿಡಿದು ಆ ಬಾಯ್ದೆರೆದ ಜಾಗವನ್ನು ನೋಡುತ್ತ ನಿಂತಿದ್ದರು. "ಹೀಗಾಗುತ್ತೆ ಅಂತ ಆ ಮುದುಕ ಒಂದು ಮಾತು ಹೇಳಿದ್ದರೆ ನಾನು ನಿಲ್ಲಿಸುತ್ತಿದ್ದೆ ಅಮ್ಮಾ. ಫಂಕ್ಷನ್ನು ಬೇರೆ ಕಡೆ ಮಾಡಿಕೊಳ್ಳಿ ಅನ್ನುತ್ತಿದ್ದೆ. ನಾನೇನು ರಾಕ್ಷಸನೇ?" ಎಂದರು. ನಿಜಕ್ಕೂ ನಿಲ್ಲಿಸುತ್ತಿದ್ದರೋ ಏನೋ, ಯಾರಿಗೆ ಗೊತ್ತು. ಆದರೆ ಅವರಿಗೆ ಆ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ. ಆಗ ಬಾಯಿ ಬಿಟ್ಟಿದ್ದರೆ ಇನ್ನೂ ಹೊತ್ತು ಮೀರಿರಲಿಲ್ಲ. ನಾನು ಕೊಡೆಯಿಂದ ಸೋರುವ ನೀರನ್ನು ನೋಡುತ್ತ ನಿಂತೆ.

ವಿಚಾರಣೆ ನಡೆಯಿತು. ಕೆಲಸ ಕೊಟ್ಟ ಇಲಾಖೆಯ ಮೂವರು ದೊಡ್ಡವರು ಮೇಜಿನ ಆ ಕಡೆ. ಈ ಕಡೆ ರಾವ್ ಸಾಹೇಬರು, ಊರಿನಿಂದ ಕರೆಸಿದ ಯಮನಪ್ಪ ಕಾಕಾ, ಅವರ ಪಕ್ಕದಲ್ಲಿ ತರ್ಜುಮೆಗೆಂದು ಮತ್ತೆ ನಾನೇ. ಕನ್ನಡ ಬಲ್ಲವರು ಆ ಕೋಣೆಯಲ್ಲಿ ನಾವಿಬ್ಬರೇ. ಕಾಕಾ ಮದುವೆಗೆ ಹೊರಟವರಂತೆ ಮಡಿ ಧೋತರ ಉಟ್ಟು ಬಂದಿದ್ದರು. ಅವರಿಗೆ ಭಯವೇ ಇರಲಿಲ್ಲ. ತಾನು ಹೇಳಬೇಕಾದ್ದನ್ನು ಹೇಳಿದ್ದೇನೆ, ಅದಕ್ಕೆ ಸಾಕ್ಷಿಯೂ ಪಕ್ಕದಲ್ಲೇ ಇದ್ದಾಳೆ ಎಂಬ ಧೈರ್ಯ.

ತೂತು ಮುಚ್ಚಿದರೆ ಅಪಾಯವೆಂದು ನಿಮಗೆ ಗೊತ್ತಿರಲಿಲ್ಲವೇ, ಗೊತ್ತಿದ್ದರೆ ಯಾರಿಗಾದರೂ ಹೇಳಿದಿರಾ ಎಂದು ನಡುವೆ ಕೂತಿದ್ದವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಕಾಕಾ ಎದ್ದು ನಿಂತು ಕೈ ಮುಗಿದು ಹೇಳಿದರು: "ಹೇಳೀನ್ರಿ. ಈಕಿ ಮುಂದ ನಿಂತ ಹೇಳೀನಿ. ಕೈ ಹಚ್ಚಂಗಿಲ್ಲ ಅಂದಿದ್ದೆ. ಹಬ್ಬ ಆದ ಮರುದಿನ ಬಿಚ್ಚಸ್ತೀನಂತ ಸಾಹೇಬ್ರು ಮಾತು ಕೊಟ್ಟಾರಂತ ಈಕೀನ ಹೇಳಿದ್ಲು, ಅದಕ್ಕ ಮಾಡಿದ್ನಿರಿ. ಸುಳ್ಳಂದ್ರ ಈಕಿನ್ನ ಕೇಳ್ರಿ. ನಮ್ಮ ಊರ ಹುಡುಗಿ." ಹೀಗೆಂದು ನನ್ನ ಕಡೆಗೆ ಕೈ ತೋರಿಸಿ, ಹೆಮ್ಮೆಯಿಂದ ಕೂತರು.

ಮೂವರೂ ನನ್ನ ಕಡೆ ನೋಡಿದರು. ರಾವ್ ಸಾಹೇಬರೂ ನೋಡಿದರು. "ಏನು ಹೇಳಿದರು?" ಎಂದರು ನಡುವೆ ಕೂತಿದ್ದವರು.

ಇಷ್ಟು ವರ್ಷವಾಯಿತು, ನನ್ನ ಗಂಡನಿಗೂ ನಾನಿದನ್ನು ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇದು: "ವಯಸ್ಸಾದವರು, ಅನುಭವದ ಮೇಲೆ ತಡೆಯುತ್ತದೆ ಅಂದುಕೊಂಡಿದ್ದರಂತೆ. ಅಂದಾಜು ತಪ್ಪಿತಂತೆ. ದಯವಿಟ್ಟು ಕ್ಷಮಿಸಬೇಕು ಅನ್ನುತ್ತಾರೆ." ಅಂದು ಹೆದರಿಕೆಯಿತ್ತು, ನಿಜ. ಕೆಲಸ ಹೋಗುತ್ತದೆ, ಅಪ್ಪನ ಮುಂದೆ ತಲೆ ಎತ್ತುವುದು ಹೇಗೆ ಎಂದೆಲ್ಲ. ಆದರೆ ಇದರಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ಬೇರೆಯೇ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕಡೆಯೂ ತಡವರಿಸಲಿಲ್ಲ.

ಮೂವರೂ ಮೃದುವಾದರು. ಮುದುಕರ ಮೇಲೆ ಕನಿಕರ ಬಂತು. ನಡುವಿನವರು ಸ್ವತಃ ಕಾಕಾಗೆ ನೀರಿನ ಲೋಟ ಸರಿಸಿದರು. ಈ ತಂಡವನ್ನು ಇನ್ನು ಮುಂದೆ ಹಳೆಯ ಕಟ್ಟಡಗಳ ಕೆಲಸಕ್ಕೆ ತೆಗೆದುಕೊಳ್ಳಕೂಡದು ಎಂದಷ್ಟೇ ಬರೆದು ಮುಗಿಸಿದರು.

ಹೊರಗೆ ಬಂದ ಮೇಲೆ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು. "ಭಾಳ ಚಲೋ ಹೇಳಿದಿ ಯವ್ವಾ. ಅಷ್ಟು ದೊಡ್ಡ ಮಂದಿ, ಒಬ್ಬರೂ ಸಿಟ್ಟಾಗಲಿಲ್ಲ ನೋಡು. ನನಗ ಅಷ್ಟು ನಾಜೂಕ ಹೇಳಾಕ ಬರ್ತಿರಲಿಲ್ಲ" ಎಂದರು. ಮುಂದಿನ ಕೆಲಸಕ್ಕೆ ಯಾವಾಗ ಬರಲು ಹೇಳಿದ್ದಾರೆ ಎಂದು ಕೇಳಿದರು. "ಹೇಳಿ ಕಳಸ್ತಾರಂತ ಕಾಕಾ" ಎಂದೆ.

ಅಂದಿನಿಂದ ನಾಲ್ಕೈದು ತಿಂಗಳಿಗೊಮ್ಮೆ ನಮ್ಮ ಆಫೀಸಿಗೆ ಫೋನು ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ, ಹಿಂದೆ ಬಸ್ಸಿನ ಗದ್ದಲ. "ಹೇಳಿ ಕಳಸ್ಯಾರೇನವ್ವಾ?" ಇನ್ನೂ ಇಲ್ಲ ಕಾಕಾ, ಕಳಿಸುತ್ತಾರೆ. ನಾನು ಮದುವೆಯಾಗಿ ಆ ಕೆಲಸ ಬಿಟ್ಟಾಗ, ಮೊಬೈಲು ಬಂದ ಹೊಸತು, ನನ್ನ ನಂಬರನ್ನು ನಾನೇ ಅವರಿಗೆ ಬರೆಸಿದೆ. ಯಾಕೆ ಬರೆಸಿದೆನೋ. ಅಷ್ಟಾದರೂ ನನಗೆ ಶಿಕ್ಷೆ ಇರಲಿ ಎಂದಿರಬೇಕು. ಈಗ ಅಲ್ಲಿ ಸರಾಯಿಯ ಅರ್ಧಕ್ಕೆ ಕಾಂಕ್ರೀಟಿನ ಗೋಡೆ ಬಂದಿದೆ. ಮೆಟ್ರೊ ಮೂಸಿಯನ್ನು ದಾಟುವಾಗ ಎಲ್ಲರೂ ಕಿಟಕಿಯ ಕಡೆ ನೋಡುತ್ತಾರೆ, ನಾನು ಚೀಲದಲ್ಲಿ ಏನನ್ನೋ ಹುಡುಕುತ್ತೇನೆ.

ಕೊನೆಯ ಫೋನು ಬಂದದ್ದು ಮಗಳು ಎರಡನೆಯ ತರಗತಿಯಲ್ಲಿದ್ದಾಗ. ಮಾತಾಡಿದ್ದು ಕಾಕಾ ಅಲ್ಲ, ಅವರ ಸೊಸೆ. "ಮಾವಾಗ ಈಗ ಕಿವಿ ಕೇಳಸಂಗಿಲ್ರಿ ಅಕ್ಕಾರ. ಕಲ್ಲು ಬಡದ ಬಡದ ಹೋಗ್ಯಾವು. ಕೆಲಸದ್ದು ಏನಾತಂತ ಕೇಳಾಕತ್ತಾರ. ನೀವು ಹೇಳ್ರಿ, ನಾ ಅವರ ಕಿವ್ಯಾಗ ಹೇಳ್ತೀನಿ" ಎಂದಳು.

ಕೇಳುವವರು ಬೇರೆಯವರು ಎಂಬ ಧೈರ್ಯವೋ, ಸುಸ್ತೋ, ನನಗೆ ಗೊತ್ತಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಮಾತನ್ನು ಮುಳ್ಳು ಕೀಳದೆ ಹೇಳಿದೆ. "ಅವರನ್ನ ಯಾರೂ ಕರಿಯಂಗಿಲ್ಲವ್ವಾ. ತಪ್ಪು ಅವರದಾ ಅಂತ ಬರದು ಹೆಸರು ತಗದು ಹಾಕ್ಯಾರ. ತಪ್ಪು ಅವರದಲ್ಲ. ಅವರು ಬ್ಯಾಡ ಅಂದಿದ್ದನ್ನ ನಾ ಸಾಹೇಬ್ರಿಗೆ ಹೇಳಲೇ ಇಲ್ಲ. ವಿಚಾರಣಿ ದಿವಸನೂ ಸುಳ್ಳು ಹೇಳಿದೆ. ಇದನ್ನೆಲ್ಲಾ ಅವರಿಗೆ ಹೇಳು."

ಆ ಕಡೆ ಬಳೆ ಸದ್ದಾಯಿತು. ಆಮೇಲೆ ಸೊಸೆ ಮುದುಕರ ಕಿವಿಗೆ ಬಾಯಿಟ್ಟು ಕೂಗುವುದು ಕೇಳಿಸಿತು: "ಇನ್ನೂ ಸ್ವಲ್ಪ ತಡಾ ಆಕ್ಕೈತಂತ ಮಾವಾ! ನಿಮ್ಮನ್ನ ಮರತಿಲ್ಲಂತ! ಕರೀತಾರಂತ!"

ದೂರದಿಂದ ಕಾಕಾನ ದನಿ ಬಂತು, ಗಟ್ಟಿಯಾಗಿ, ಕಿವುಡರ ದನಿ. "ಹಾಂ, ಆಗಲಿ. ಆಕಿ ಆರಾಮ ಅದಾಳೇನು ಕೇಳು."

"ಆರಾಮ ಅದಾಳೇನಂತ ಕೇಳಾಕತ್ತಾರ್ರಿ ಅಕ್ಕಾರ" ಎಂದಳು ಸೊಸೆ.

"ಆರಾಮ ಅದೀನಂತ ಹೇಳವ್ವಾ" ಎಂದೆ.